ಮೇಷ್ಟ್ರ ಕೈಗೆ ದೇಶ ಬಂದಾಗ: ಜೂಲಿಯಸ್ ನೈರೇರೆ

ಪೂರ್ವ ಆಫ್ರಿಕಾದ ಟಾಂಜಾನಿಯಾದಲ್ಲಿ ಮ್ವಾಲಿಮು ಎಂದರೆ ಮೇಷ್ಟ್ರು. ಸ್ವಾಹಿಲಿ ಭಾಷೆಯ ಈ ಮಾತು ಅಲ್ಲಿನ ಯಾವ ಶಾಲೆಯ ಶಿಕ್ಷಕರಿಗೂ ಸಲ್ಲುತ್ತದೆ. ಆದರೆ ಹೆಸರು ಹೇಳದೆ ಬರೀ ಮ್ವಾಲಿಮು ಎಂದರೆ ಅಲ್ಲಿನವರಿಗೆ ನೆನಪಾಗುವುದು ಒಬ್ಬರೇ, ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ಕಂಬರಾಗೆ ನೈರೇರೆ. ಅವರು ಅಧ್ಯಕ್ಷರಾಗಿದ್ದದ್ದು 23 ವರ್ಷ. ಶಾಲೆಯಲ್ಲಿ ಪಾಠ ಮಾಡಿದ್ದು ಎಲ್ಲ ಸೇರಿಸಿದರೂ ಆರೇಳು ವರ್ಷ ದಾಟದು. ಆದರೂ ಜನ ಉಳಿಸಿಕೊಂಡದ್ದು ಮೇಷ್ಟ್ರು ಎಂಬ ಹೆಸರನ್ನೇ.

ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಹುಟ್ಟುವ ಮೊದಲೇ ತೀರಿಕೊಂಡ ಈ ಮೇಷ್ಟ್ರನ್ನು ಆರಿಸಿಕೊಂಡೆ. ಅದಕ್ಕೆ ಎರಡು ಕಾರಣಗಳಿವೆ. ಅವರು ಕಲಿಸುತ್ತಿದ್ದ ವಿಷಯಗಳಲ್ಲಿ ಜೀವಶಾಸ್ತ್ರವೂ ಒಂದು, ನನ್ನ ಬೋಧನಾ ವಿಷಯವೂ ಅದೇ. ಎರಡನೆಯ ಕಾರಣ ದೊಡ್ಡದು. ನಾವು ಬಿಇಡಿಯಲ್ಲಿ ಓದುವ ಶಿಕ್ಷಣ ಚಿಂತಕರಲ್ಲಿ ಹೆಚ್ಚಿನವರು ಪುಸ್ತಕ ಬರೆದವರು, ಇಲ್ಲವೇ ಒಂದು ಶಾಲೆ ಕಟ್ಟಿದವರು. ತಮ್ಮ ಚಿಂತನೆಯನ್ನು ಇಡೀ ದೇಶದ ಮೇಲೆ ಪ್ರಯೋಗ ಮಾಡಿ ನೋಡುವ ಅವಕಾಶ ಸಿಕ್ಕವರು ಬಹಳ ಕಡಿಮೆ. ನೈರೇರೆ ಅವರಿಗೆ ಅದು ಸಿಕ್ಕಿತು. ಆ ಪ್ರಯೋಗದಲ್ಲಿ ಏನು ಗೆದ್ದಿತು, ಏನು ಸೋತಿತು ಎಂಬುದು ಇಂದಿನ ಟಾಂಜಾನಿಯಾದ ರಾಜಕೀಯದಲ್ಲೂ ಆರ್ಥಿಕತೆಯಲ್ಲೂ ಕಾಣುತ್ತದೆ. ತರಗತಿಗೆ ಕಾಲಿಡುತ್ತಿರುವ ನಮಗೂ ಅದರಲ್ಲಿ ಯೋಚಿಸಬೇಕಾದ ವಿಷಯ ಇದೆ.

ತಡವಾಗಿ ಶಾಲೆ ಸೇರಿದ ಹುಡುಗ

ನೈರೇರೆ ಹುಟ್ಟಿದ್ದು 1922ರಲ್ಲಿ, ವಿಕ್ಟೋರಿಯಾ ಸರೋವರದ ಪೂರ್ವಕ್ಕಿರುವ ಬುಟಿಯಾಮ ಎಂಬ ಹಳ್ಳಿಯಲ್ಲಿ. ಆಗ ಆ ದೇಶದ ಹೆಸರು ಟಾಂಗನಿಕಾ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದು ಬ್ರಿಟಿಷರ ಆಡಳಿತಕ್ಕೆ ಬಂದಿತ್ತು. ತಂದೆ ಝನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖ್ಯಸ್ಥರು. ತಾಯಿ ಅವರ ಹಲವು ಹೆಂಡಂದಿರಲ್ಲಿ ಒಬ್ಬರು. ಹುಡುಗ ದನ ಮೇಯಿಸಿಕೊಂಡು, ಹೊಲದಲ್ಲಿ ಕೆಲಸ ಮಾಡಿಕೊಂಡು ಬೆಳೆದ. ಶಾಲೆಗೆ ಸೇರಿದಾಗ ಅವನಿಗೆ 12 ವರ್ಷ. ಶಾಲೆ ಇದ್ದದ್ದು ಮನೆಯಿಂದ ಸುಮಾರು 40 ಕಿಲೋಮೀಟರ್ ದೂರದ ಮುಸೋಮ ಪಟ್ಟಣದಲ್ಲಿ, ಆದ್ದರಿಂದ ಅಲ್ಲೇ ಉಳಿದು ಓದಬೇಕಾಯಿತು.

ತಡವಾಗಿ ಸೇರಿದರೂ ಹುಡುಗ ಬೇಗ ಮುಂದೆ ಬಂದ. ಟಬೋರಾದ ಸರ್ಕಾರಿ ಶಾಲೆ ಮುಗಿಸಿ, 1943ರಲ್ಲಿ ಉಗಾಂಡಾದ ಮಕೆರೆರೆ ಕಾಲೇಜಿಗೆ ಹೋಗಿ ಶಿಕ್ಷಕ ತರಬೇತಿ ಪಡೆದ. ಅದೇ ವರ್ಷ ಕ್ರೈಸ್ತ ದೀಕ್ಷೆ ಪಡೆದು ಜೂಲಿಯಸ್ ಎಂಬ ಹೆಸರು ಇಟ್ಟುಕೊಂಡ. ತರಬೇತಿ ಮುಗಿದ ಮೇಲೆ ಟಬೋರಾಕ್ಕೆ ಮರಳಿ, ಸೇಂಟ್ ಮೇರೀಸ್ ಎಂಬ ಮಿಷನ್ ಶಾಲೆಯಲ್ಲಿ ಜೀವಶಾಸ್ತ್ರ ಮತ್ತು ಇತಿಹಾಸ ಕಲಿಸಲು ಶುರು ಮಾಡಿದರು. 1949ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. ಬ್ರಿಟನ್ನಿನ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಟಾಂಗನಿಕನ್ನರಲ್ಲಿ ಅವರೂ ಒಬ್ಬರು. 1952ರಲ್ಲಿ ಎಂ.ಎ. ಪದವಿ ಪಡೆದು ಹಿಂದಿರುಗಿ, ಮರುವರ್ಷ ಮಾರಿಯಾ ಅವರನ್ನು ಮದುವೆಯಾಗಿ, ದಾರ್ ಎಸ್ ಸಲಾಮ್ ನಗರದ ಹತ್ತಿರದ ಪುಗು ಎಂಬಲ್ಲಿ ಮತ್ತೆ ಮೇಷ್ಟ್ರಾದರು.

ಪಾಠದ ಕೋಣೆಯಿಂದ ಪಕ್ಷಕ್ಕೆ

ಪುಗುವಿನಲ್ಲಿ ವಾರದ ದಿನಗಳಲ್ಲಿ ಪಾಠ, ಬಿಡುವಿದ್ದಾಗ ನಗರದಲ್ಲಿ ಸಂಘಟನೆ. 1954ರ ಜುಲೈ 7ರಂದು ಟಾನು ಎಂಬ ಪಕ್ಷ ಹುಟ್ಟಿತು, ನೈರೇರೆ ಅದರ ಅಧ್ಯಕ್ಷರಾದರು. ಟಾಂಗನಿಕಾ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿದ್ದ ಪ್ರದೇಶವಾಗಿದ್ದರಿಂದ, 1955ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ತಮ್ಮ ದೇಶಕ್ಕೆ ಸ್ವಾತಂತ್ರ್ಯ ಬೇಕೆಂದು ಅಲ್ಲಿ ವಾದ ಮಂಡಿಸಿದರು. ಅದೇ ವರ್ಷ ನೌಕರಿ ಅಥವಾ ರಾಜಕೀಯ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಬಂತು. ಅವರು ನೌಕರಿ ಬಿಟ್ಟರು.

ಆಮೇಲಿನ ಆರು ವರ್ಷ ಅವರು ಹಳ್ಳಿಹಳ್ಳಿ ಸುತ್ತಿದರು. ದೇಶದಲ್ಲಿ 120ಕ್ಕೂ ಹೆಚ್ಚು ಬುಡಕಟ್ಟುಗಳಿದ್ದವು, ಪ್ರತಿಯೊಂದಕ್ಕೂ ತನ್ನದೇ ಭಾಷೆ. ನೈರೇರೆ ಮಾತನಾಡಿದ್ದು ಸ್ವಾಹಿಲಿಯಲ್ಲಿ. ಅದು ಅವರ ಮನೆಮಾತಲ್ಲ, ಯಾವ ದೊಡ್ಡ ಬುಡಕಟ್ಟಿನ ಸ್ವತ್ತೂ ಅಲ್ಲ. ಕರಾವಳಿಯಿಂದ ವ್ಯಾಪಾರದ ದಾರಿಗಳಲ್ಲಿ ಒಳನಾಡಿಗೆ ಹರಡಿದ್ದ ಭಾಷೆ ಅದು. ಯಾರದೂ ಅಲ್ಲದ್ದರಿಂದಲೇ ಅದು ಎಲ್ಲರದೂ ಆಗಬಹುದಿತ್ತು. 1961ರ ಡಿಸೆಂಬರ್ 9ರಂದು ರಕ್ತಪಾತವಿಲ್ಲದೆ ಸ್ವಾತಂತ್ರ್ಯ ಬಂತು, ನೈರೇರೆ ಪ್ರಧಾನಿಯಾದರು. ಕೆಲವೇ ವಾರಗಳಲ್ಲಿ ಆ ಹುದ್ದೆ ಬಿಟ್ಟು ಪಕ್ಷ ಕಟ್ಟಲು ಮತ್ತೆ ಹಳ್ಳಿಗಳ ಕಡೆ ಹೊರಟರು. 1962ರ ಡಿಸೆಂಬರಿನಲ್ಲಿ ದೇಶ ಗಣರಾಜ್ಯವಾದಾಗ ಅಧ್ಯಕ್ಷರಾದರು. 1964ರಲ್ಲಿ ಜಂಜಿಬಾರ್ ದ್ವೀಪದಲ್ಲಿ ಕ್ರಾಂತಿಯಾಗಿ, ಅದೇ ವರ್ಷದ ಏಪ್ರಿಲ್ 26ರಂದು ಎರಡೂ ಒಂದಾದವು. ಎರಡು ಹೆಸರು ಸೇರಿ ಟಾಂಜಾನಿಯಾ ಆಯಿತು.

ಈ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. 1962ರಲ್ಲೇ ವಿಚಾರಣೆಯಿಲ್ಲದೆ ಬಂಧಿಸಿಡುವ ಕಾಯ್ದೆ ಬಂತು. 1965ರಲ್ಲಿ ದೇಶ ಕಾನೂನಿನ ಪ್ರಕಾರವೇ ಏಕಪಕ್ಷದ ದೇಶವಾಯಿತು. ಬಡ ದೇಶದಲ್ಲಿ ಪಕ್ಷಗಳ ಜಗಳ ಬುಡಕಟ್ಟುಗಳ ಜಗಳವಾಗಿ ಬಿಡುತ್ತದೆ, ಒಂದೇ ಪಕ್ಷದ ಒಳಗೆ ಮುಕ್ತ ಚರ್ಚೆ ನಡೆದರೆ ಸಾಕು ಎಂಬುದು ನೈರೇರೆ ಅವರ ವಾದ. 1966ರಲ್ಲಿ, ಕಡ್ಡಾಯ ರಾಷ್ಟ್ರಸೇವೆಯನ್ನು ವಿರೋಧಿಸಿ ಮೆರವಣಿಗೆ ಮಾಡಿದ ಸುಮಾರು 400 ವಿದ್ಯಾರ್ಥಿಗಳನ್ನು ಅವರು ಮನೆಗೆ ಕಳಿಸಿಬಿಟ್ಟರು. ಆ ಮಕ್ಕಳು ತಮ್ಮ ಸಂಬಳವನ್ನು ಬೊಟ್ಟು ಮಾಡಿದ್ದು ಅವರಿಗೆ ನಾಟಿತ್ತು, ಅದೇ ಹೊತ್ತಿನಲ್ಲಿ ತಮ್ಮ ಸಂಬಳವನ್ನೂ ಶೇಕಡ 20ರಷ್ಟು ಕಡಿತ ಮಾಡಿಕೊಂಡರು. ಪ್ರಾಮಾಣಿಕತೆ ಮತ್ತು ಎದುರು ಮಾತನ್ನು ಸಹಿಸದಿರುವುದು, ಎರಡೂ ಒಂದೇ ಘಟನೆಯಲ್ಲಿ ಕಾಣುತ್ತವೆ.

ನಾರು ಮತ್ತು ಟ್ರ್ಯಾಕ್ಟರಿನ ಲೆಕ್ಕ

ಸ್ವತಂತ್ರ ಟಾಂಗನಿಕಾ ಹೊರಗೆ ಮಾರುತ್ತಿದ್ದದ್ದು ಸೀಸಲ್ ನಾರು, ಕಾಫಿ, ಹತ್ತಿ, ಗೋಡಂಬಿ. ಸೀಸಲ್ ಎಂದರೆ ನಮ್ಮ ಕತ್ತಾಳೆಯ ಜಾತಿಯ ಗಿಡ, ಅದರ ನಾರಿನಿಂದ ಹಗ್ಗ ಮಾಡುತ್ತಾರೆ. 1960ರ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೀಸಲ್ ಬೆಳೆಯುತ್ತಿದ್ದ ದೇಶ ಅದು. ಅಷ್ಟರಲ್ಲಿ ಕೃತಕ ನಾರಿನ ಹಗ್ಗ ಬಂತು, 1964ರ ನಂತರ ಸೀಸಲ್ ಬೆಲೆ ಕುಸಿಯಿತು. ಆದರೆ ದೇಶ ಹೊರಗಿನಿಂದ ಕೊಳ್ಳುವ ಯಂತ್ರಗಳ ಬೆಲೆ ಏರುತ್ತಲೇ ಇತ್ತು.

ಇದನ್ನು ಅಭ್ಯಾಸ ಬೋಧನೆಯ ಶಾಲೆಯ 9ನೇ ತರಗತಿಯಲ್ಲಿ ಒಂದು ಲೆಕ್ಕವಾಗಿ ಕೊಟ್ಟೆ. ಅಂಕಿಗಳು ತರಗತಿಗಾಗಿ ನಾನೇ ಹೆಣೆದವು. ಒಂದು ಟ್ರ್ಯಾಕ್ಟರಿಗೆ ಈ ವರ್ಷ 10 ಟನ್ ನಾರು ಮಾರಬೇಕು. ನಾರಿನ ಬೆಲೆ ಅರ್ಧಕ್ಕಿಳಿದು ಟ್ರ್ಯಾಕ್ಟರಿನ ಬೆಲೆ ಕಾಲು ಭಾಗ ಏರಿದರೆ ಎಷ್ಟು ಟನ್ ಮಾರಬೇಕು? ಮಕ್ಕಳು 25 ಎಂದು ಬೇಗ ಹೇಳಿದರು. ಹಾಗಾದರೆ ರೈತ ಮೊದಲಿಗಿಂತ ಎರಡೂವರೆ ಪಟ್ಟು ದುಡಿದರೂ ಮೊದಲಿದ್ದಲ್ಲೇ ಇರುತ್ತಾನೆ ಎಂಬುದನ್ನು ಅರಗಿಸಿಕೊಳ್ಳಲು ಮಾತ್ರ ಅವರಿಗೆ ಹೊತ್ತು ಹಿಡಿಯಿತು. ನೈರೇರೆ ತಮ್ಮ ಜನರಿಗೆ ಮತ್ತೆ ಮತ್ತೆ ವಿವರಿಸಿದ್ದು ಇಂಥ ಲೆಕ್ಕವನ್ನೇ. ಕಚ್ಚಾ ಮಾಲು ಮಾರಿ ಯಂತ್ರ ಕೊಳ್ಳುವ ದೇಶ ಬೆಲೆಯನ್ನು ತಾನು ನಿರ್ಧರಿಸಲಾರದು.

ಇದಕ್ಕೆ ಅವರು ಕಂಡುಕೊಂಡ ಉತ್ತರ 1967ರ ಫೆಬ್ರವರಿ 5ರ ಅರುಷಾ ಘೋಷಣೆ. ಸಾಲ ಮತ್ತು ನೆರವನ್ನು ನಂಬಿ ಕೂರದೆ ದೇಶ ತನ್ನ ಜನ, ತನ್ನ ಭೂಮಿಯ ಮೇಲೆ ನಿಲ್ಲಬೇಕು, ಅಭಿವೃದ್ಧಿ ಹಳ್ಳಿಯಿಂದ ಶುರುವಾಗಬೇಕು ಎಂಬುದು ಅದರ ತಿರುಳು. ಕೆಲವೇ ದಿನಗಳಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಪಕ್ಷದ ನಾಯಕರು ಷೇರು ಇಟ್ಟುಕೊಳ್ಳುವಂತಿಲ್ಲ, ಮನೆ ಬಾಡಿಗೆಗೆ ಕೊಡುವಂತಿಲ್ಲ, ಎರಡು ಸಂಬಳ ಪಡೆಯುವಂತಿಲ್ಲ ಎಂಬ ನಿಯಮ ಬಂತು. 1971ರಲ್ಲಿ ಬಾಡಿಗೆಯ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ, ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಭಾರತ ಮೂಲದ ಎಷ್ಟೋ ಕುಟುಂಬಗಳು ಆಸ್ತಿ ಕಳೆದುಕೊಂಡು ದೇಶ ಬಿಟ್ಟವು.

ಸಮಸ್ಯೆಯನ್ನು ಅವರು ಸರಿಯಾಗಿ ಗುರುತಿಸಿದ್ದರು ಎಂದು ನನಗನ್ನಿಸುತ್ತದೆ. ಆದರೆ ಪರಿಹಾರದ ಭಾರ ಹೊತ್ತ ಸರ್ಕಾರಿ ನಿಗಮಗಳು ಒಂದಾದ ಮೇಲೊಂದು ನಷ್ಟಕ್ಕಿಳಿದವು. ಸ್ವಾವಲಂಬನೆಯ ಘೋಷಣೆ ಮಾಡಿದ ದೇಶವೇ ಮುಂದೆ ಆಫ್ರಿಕಾದಲ್ಲಿ ಅತಿ ಹೆಚ್ಚು ವಿದೇಶಿ ನೆರವು ಪಡೆಯುವ ದೇಶಗಳಲ್ಲಿ ಒಂದಾಯಿತು.

ಶಾಲೆಗೆ ಹೊಸ ಅರ್ಥ

ಅರುಷಾ ಘೋಷಣೆಯ ಮರುತಿಂಗಳೇ ನೈರೇರೆ ಸ್ವಾವಲಂಬನೆಗಾಗಿ ಶಿಕ್ಷಣ ಎಂಬ ಕಿರುಹೊತ್ತಿಗೆ ಹೊರತಂದರು. ನಮ್ಮ ಪಠ್ಯದಲ್ಲಿ ಗಾಂಧೀಜಿಯವರ ನಯೀ ತಾಲೀಮ್ ಓದಿದವರಿಗೆ ಇದು ಹತ್ತಿರದ ಮಾತು. ಅವರ ವಾದ ಹೀಗಿತ್ತು. ವಸಾಹತು ಕಾಲದ ಶಾಲೆ ಗುಮಾಸ್ತರನ್ನು ತಯಾರಿಸುತ್ತಿತ್ತು. ಪ್ರಾಥಮಿಕ ಶಾಲೆ ಪ್ರೌಢಶಾಲೆಗೆ ಏಣಿ, ಪ್ರೌಢಶಾಲೆ ಕಾಲೇಜಿಗೆ ಏಣಿ. ನಡುವೆ ಬಿದ್ದುಹೋದ ಮಕ್ಕಳೇ ಹೆಚ್ಚು, ಅವರಿಗೆ ಕಲಿತದ್ದರಿಂದ ಪ್ರಯೋಜನವಿಲ್ಲ. ಆದ್ದರಿಂದ ಪ್ರಾಥಮಿಕ ಶಿಕ್ಷಣ ತನ್ನಷ್ಟಕ್ಕೆ ಪೂರ್ಣವಾಗಿರಬೇಕು, ಪ್ರತಿ ಶಾಲೆಗೂ ಒಂದು ಹೊಲ ಇರಬೇಕು, ಪರೀಕ್ಷೆಯ ತೂಕ ತಗ್ಗಬೇಕು, ಮಕ್ಕಳು ಹಳ್ಳಿಯ ಬದುಕಿಗೆ ಬೇಕಾದದ್ದನ್ನು ಕಲಿಯಬೇಕು.

ಪ್ರಾಥಮಿಕ ಶಾಲೆಗಳಲ್ಲಿ ಸ್ವಾಹಿಲಿ ಮಾಧ್ಯಮವಾಯಿತು. ಆಡಳಿತದ ನಡುವೆಯೂ ನೈರೇರೆ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ಮತ್ತು ವೆನಿಸಿನ ವರ್ತಕ ನಾಟಕಗಳನ್ನು ಸ್ವಾಹಿಲಿಗೆ ಅನುವಾದಿಸಿದ್ದರು. ಆ ಭಾಷೆಗೆ ದೊಡ್ಡ ವಿಚಾರ ಹೊರುವ ಶಕ್ತಿ ಇದೆ ಎಂದು ಕೆಲಸ ಮಾಡಿಯೇ ತೋರಿಸಿದರು. 1970ರಿಂದ ವಯಸ್ಕರ ಶಿಕ್ಷಣದ ದೊಡ್ಡ ಆಂದೋಲನ ನಡೆಯಿತು. 1967ರಲ್ಲಿ ಮೂರರಲ್ಲಿ ಒಬ್ಬ ವಯಸ್ಕರಿಗೆ ಓದು ಬರಹ ಬರುತ್ತಿದ್ದರೆ, 1975ರ ಹೊತ್ತಿಗೆ ಸರ್ಕಾರದ ಲೆಕ್ಕದಲ್ಲಿ ಅದು ಶೇಕಡ 60 ದಾಟಿತ್ತು.

1974ರಲ್ಲಿ ಪಕ್ಷ ಮುಸೋಮದಲ್ಲಿ ಸಭೆ ಸೇರಿ, 1977ರೊಳಗೆ ಎಲ್ಲ ಮಕ್ಕಳೂ ಶಾಲೆಯಲ್ಲಿರಬೇಕೆಂದು ತೀರ್ಮಾನಿಸಿತು. ಶಿಕ್ಷಕರು ಎಲ್ಲಿಂದ ಬರಬೇಕು? ಅವರು ಕಂಡುಕೊಂಡ ದಾರಿ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಸ್ವಾರಸ್ಯದ್ದು. ಪ್ರಾಥಮಿಕ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನೇ ಹಳ್ಳಿಯಲ್ಲಿ ಶಿಕ್ಷಕರಾಗಿ ತೆಗೆದುಕೊಂಡರು. ಅವರು ದಿನದ ಒಂದು ಭಾಗ ಪಾಠ ಮಾಡುತ್ತಿದ್ದರು, ಇನ್ನೊಂದು ಭಾಗದಲ್ಲಿ ತಾವೇ ಅಂಚೆಯ ಪಾಠ ಮತ್ತು ರೇಡಿಯೊ ಪಾಠಗಳಿಂದ ತರಬೇತಿ ಪಡೆಯುತ್ತಿದ್ದರು. ಹೀಗೆ ಹತ್ತಾರು ಸಾವಿರ ಶಿಕ್ಷಕರು ತಯಾರಾದರು. ಅಭ್ಯಾಸ ಬೋಧನೆಯೇ ಅವರಿಗೆ ನೌಕರಿ, ನೌಕರಿಯೇ ತರಬೇತಿ. ಮಕ್ಕಳ ದಾಖಲಾತಿ ಕೆಲವೇ ವರ್ಷಗಳಲ್ಲಿ ಶೇಕಡ 90ರ ಹತ್ತಿರ ಹೋಯಿತು. ಗುಣಮಟ್ಟ ಕುಸಿಯಿತು ಎಂಬ ಟೀಕೆಯೂ ಬಂತು, ಅದರಲ್ಲಿ ಸತ್ಯವಿತ್ತು. ಇನ್ನೊಂದು ಕಡೆ ಪ್ರೌಢಶಾಲೆಯ ಬಾಗಿಲು ಬಹಳ ಕಿರಿದಾಗಿಯೇ ಉಳಿಯಿತು. 1980ರ ದಶಕದಲ್ಲಿ ಪ್ರೌಢಶಾಲೆ ತಲುಪುವ ಮಕ್ಕಳ ಪ್ರಮಾಣ ಆಫ್ರಿಕಾದಲ್ಲೇ ಅತಿ ಕಡಿಮೆ ಇದ್ದ ದೇಶಗಳ ಸಾಲಿನಲ್ಲಿ ಟಾಂಜಾನಿಯಾ ಇತ್ತು. ಶಾಲೆಯ ಹೊಲ ಹಲವೆಡೆ ಕಲಿಕೆಯ ಜಾಗವಾಗದೆ ಬರಿ ದುಡಿಮೆಯ ಜಾಗವಾಯಿತು. ತಂದೆ ತಾಯಿಗಳು ಮಕ್ಕಳಿಗೆ ಬಯಸುತ್ತಿದ್ದದ್ದು ಆಗಲೂ ಆ ಏಣಿಯನ್ನೇ.

ಹಳ್ಳಿಗಳನ್ನು ಸ್ಥಳಾಂತರಿಸಿದ್ದು

ನೈರೇರೆ ಅವರ ಕನಸಿನ ನಡುವೆ ಇದ್ದದ್ದು ಉಜಾಮಾ ಎಂಬ ಮಾತು. ಸ್ಥೂಲವಾಗಿ ಕುಟುಂಬ ಭಾವ ಎನ್ನಬಹುದು. ಚದುರಿದ ಒಂಟಿ ಮನೆಗಳ ಜನ ಒಂದೆಡೆ ಸೇರಿ ಹಳ್ಳಿ ಕಟ್ಟಿಕೊಂಡು, ಕೂಡಿ ಬೇಸಾಯ ಮಾಡಿದರೆ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಕೊಡುವುದು ಸುಲಭ ಎಂಬುದು ಯೋಜನೆ. ದಕ್ಷಿಣದ ರುವುಮಾ ಪ್ರದೇಶದಲ್ಲಿ ಕೆಲವು ರೈತರು ಯಾರೂ ಹೇಳದೆ ತಾವಾಗಿಯೇ ಇಂಥ ಹಳ್ಳಿಗಳನ್ನು ಕಟ್ಟಿಕೊಂಡಿದ್ದರು. ತಮ್ಮ ತೀರ್ಮಾನ ತಾವೇ ತೆಗೆದುಕೊಳ್ಳುತ್ತಿದ್ದರು, ಮಕ್ಕಳಿಗೆ ಬೇಕಾದ ಶಾಲೆಯನ್ನೂ ತಾವೇ ರೂಪಿಸಿಕೊಂಡಿದ್ದರು. ನೈರೇರೆ ಅದನ್ನು ಮೆಚ್ಚಿದ್ದರು. ಆದರೆ ಪಕ್ಷದ ಮಾತು ಕೇಳದ ಸಂಘ ಪಕ್ಷದವರಿಗೆ ಹಿಡಿಸಲಿಲ್ಲ. 1969ರಲ್ಲಿ ಪಕ್ಷದ ಕೇಂದ್ರ ಸಮಿತಿ ಅದನ್ನು ವಿಸರ್ಜಿಸಿತು. ನೈರೇರೆ ತಡೆಯಲಿಲ್ಲ. ಅವರ ಜೀವನದಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸಿದ ಪುಟ ಇದು. ಅವರು ಬಯಸಿದ್ದನ್ನೇ ತಾವಾಗಿ ಕಲಿತು ತೋರಿಸಿದ್ದವರ ಕೈಯಿಂದ ಪುಸ್ತಕ ಕಸಿದುಕೊಂಡ ಹಾಗಾಯಿತು.

ಮೊದಲು ಮನವೊಲಿಸುವುದು ಎಂದಿದ್ದದ್ದು ನಿಧಾನವಾಗಿ ಒತ್ತಾಯವಾಯಿತು. 1971ರ ಕ್ರಿಸ್ಮಸ್ ದಿನ ಇರಿಂಗಾ ಪ್ರದೇಶದ ಕಮಿಷನರನ್ನು ಒಬ್ಬ ರೈತ ಗುಂಡಿಟ್ಟು ಕೊಂದ. ಅಸಮಾಧಾನ ಎಷ್ಟಿತ್ತು ಎಂಬುದಕ್ಕೆ ಅದೊಂದು ಸೂಚನೆ. ಆದರೂ 1973ರಲ್ಲಿ, 1976ರ ಅಂತ್ಯದೊಳಗೆ ಎಲ್ಲರೂ ಹಳ್ಳಿಗಳಲ್ಲಿ ವಾಸಿಸಲೇಬೇಕು ಎಂಬ ಆದೇಶ ಬಂತು. ಸುಮಾರು 50 ಲಕ್ಷ ಜನ ಜಾಗ ಬದಲಿಸಿದರು. ಕೆಲವು ಕಡೆ ಹಿಂದಿರುಗಬಾರದೆಂದು ಹಳೆಯ ಮನೆಗಳನ್ನು ಸುಟ್ಟರು, ಕೆಡವಿದರು. ಲಾರಿಗೆ ಅನುಕೂಲವೆಂದು ಹಳ್ಳಿಗಳನ್ನು ರಸ್ತೆಯ ಬದಿಗೆ ಸಾಲಾಗಿ ಕಟ್ಟಿದರು, ಹೊಲ ದೂರವಾಯಿತು. ಯಾವ ಮಣ್ಣಿಗೆ ಯಾವ ಬೆಳೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ತಲೆಮಾರುಗಳಿಂದ ತಿಳಿದಿದ್ದ ರೈತ ಹೊಸ ಜಾಗದಲ್ಲಿ ಒಂದನೇ ತರಗತಿಯ ಮಗುವಾದ. ಜೀವಶಾಸ್ತ್ರ ಓದಿದ ನಮಗೆ ಇದು ಗೊತ್ತಿರುವ ವಿಷಯವೇ. ಪರಿಸರ ಬದಲಾದರೆ ಜೀವಿಗೆ ಹೊಂದಿಕೊಳ್ಳಲು ಕಾಲ ಬೇಕು. ದಕ್ಷಿಣದಲ್ಲಿ ಗೋಡಂಬಿ ಮರಗಳಿಂದ ರೈತರು ದೂರವಾದರು. ಮರಗಳು ನೋಡಿಕೊಳ್ಳುವವರಿಲ್ಲದೆ ಕಾಡು ಬಿದ್ದವು, 1973ರ ಸುಮಾರಿಗೆ ಉತ್ತುಂಗದಲ್ಲಿದ್ದ ಗೋಡಂಬಿ ಇಳುವರಿ ವರ್ಷ ವರ್ಷವೂ ಕುಸಿಯಿತು. ಅದೇ ಹೊತ್ತಿಗೆ ಮಳೆ ಕೈಕೊಟ್ಟಿತು, ಪೆಟ್ರೋಲ್ ಬೆಲೆ ಗಗನಕ್ಕೇರಿತು. ದೇಶ ಇದ್ದ ವಿದೇಶಿ ಹಣ ಸುರಿದು ಜೋಳ ಆಮದು ಮಾಡಿಕೊಳ್ಳಬೇಕಾಯಿತು.

ಈ ಭಾಗವನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ, ಅಧ್ಯಕ್ಷರಿಗೆ ಇದೆಲ್ಲ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅಧಿಕಾರಿಗಳು ಕಳಿಸುತ್ತಿದ್ದದ್ದು ಹಳ್ಳಿಗಳ ಎಣಿಕೆ. 7,000ಕ್ಕೂ ಹೆಚ್ಚು ಹಳ್ಳಿಗಳಾದವು, ಗ್ರಾಮೀಣ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಳ್ಳಿ ಸೇರಿದರು ಎಂಬ ವರದಿ ಬಂತು. ವಿರೋಧ ಪಕ್ಷವಿಲ್ಲ, ಸ್ವತಂತ್ರ ಪತ್ರಿಕೆ ಇಲ್ಲ, ರೈತರ ಸಹಕಾರ ಸಂಘಗಳನ್ನೂ 1976ರಲ್ಲಿ ರದ್ದು ಮಾಡಿದ್ದರು. ಅರ್ಥವಾಯಿತೇ ಎಂದು ನಾವು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ ಹೂಂ ಎನ್ನುತ್ತದಲ್ಲ, ಹಾಗೆ. ಆ ಹೂಂಕಾರದಿಂದ ನಮಗೆ ಏನೂ ತಿಳಿಯುವುದಿಲ್ಲ. ಹಿಂದಿನ ಬೆಂಚಿನ ಮಗುವಿನ ಪುಸ್ತಕ ತೆರೆದು ನೋಡಿದರೆ ಮಾತ್ರ ತಿಳಿಯುತ್ತದೆ. ನೈರೇರೆ ಅವರ ವ್ಯವಸ್ಥೆಯಲ್ಲಿ ಆ ಪುಸ್ತಕ ಅವರ ಮೇಜಿಗೆ ಬರುವ ದಾರಿಗಳೇ ಮುಚ್ಚಿಹೋಗಿದ್ದವು.

ಕುರ್ಚಿ ಬಿಟ್ಟ ಮೇಷ್ಟ್ರು

1978ರ ಅಕ್ಟೋಬರಿನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನನ ಸೇನೆ ಟಾಂಜಾನಿಯಾದ ಕಗೆರಾ ಪ್ರದೇಶಕ್ಕೆ ನುಗ್ಗಿತು. ಟಾಂಜಾನಿಯಾದ ಸೇನೆ ಅದನ್ನು ಹೊರಗಟ್ಟಿ, 1979ರ ಏಪ್ರಿಲಿನಲ್ಲಿ ಕಂಪಾಲವನ್ನೇ ತಲುಪಿ ಅಮೀನನ ಆಳ್ವಿಕೆ ಕೊನೆಗೊಳಿಸಿತು. ಗೆಲುವು ಸಿಕ್ಕಿತು, ಬೊಕ್ಕಸ ಬರಿದಾಯಿತು. ಆ ಹೊತ್ತಿಗೇ ಎರಡನೇ ಬಾರಿ ತೈಲ ಬೆಲೆ ಏರಿತು. ಅಂಗಡಿಗಳಲ್ಲಿ ಸಾಬೂನು, ಸಕ್ಕರೆ, ಬಟ್ಟೆ ಸಿಗದ ಕಾಲ ಬಂತು. ಅಂತರರಾಷ್ಟ್ರೀಯ ಹಣಕಾಸು ನಿಧಿ ಸಾಲಕ್ಕೆ ಹಾಕಿದ ಷರತ್ತುಗಳನ್ನು ನೈರೇರೆ ಒಪ್ಪಲಿಲ್ಲ. ಆ ಷರತ್ತುಗಳು ಬಡವರ ಶಾಲೆ, ಆಸ್ಪತ್ರೆಗಳಿಗೇ ಕತ್ತರಿ ಹಾಕುತ್ತವೆ ಎಂಬುದು ಅವರ ನಿಲುವು.

ಅರುಷಾ ಘೋಷಣೆಗೆ 10 ವರ್ಷವಾದಾಗ, 1977ರಲ್ಲೇ ಅವರು ಒಂದು ಮೌಲ್ಯಮಾಪನ ಬರೆದು, ದೇಶ ಇನ್ನೂ ಸಮಾಜವಾದಿಯೂ ಆಗಿಲ್ಲ, ಸ್ವಾವಲಂಬಿಯೂ ಆಗಿಲ್ಲ ಎಂದು ಒಪ್ಪಿಕೊಂಡಿದ್ದರು. 1985ರಲ್ಲಿ ಯಾರೂ ಒತ್ತಾಯಿಸದೆ ಅಧ್ಯಕ್ಷ ಹುದ್ದೆ ಬಿಟ್ಟರು. ಆ ಕಾಲದ ಆಫ್ರಿಕಾದಲ್ಲಿ ಅಧ್ಯಕ್ಷರು ಹುದ್ದೆ ಬಿಡುತ್ತಿದ್ದದ್ದು ಹೆಚ್ಚಾಗಿ ಸೇನಾ ದಂಗೆಯಿಂದ, ಇಲ್ಲವೇ ಸಾವಿನಿಂದ. ಮುಂದಿನ ವರ್ಷವೇ ಅಲಿ ಹಸನ್ ಮ್ವಿನ್ಯಿ ಅವರ ಸರ್ಕಾರ ನಿಧಿಯ ಜೊತೆ ಒಪ್ಪಂದ ಮಾಡಿಕೊಂಡಿತು, ಆರ್ಥಿಕತೆ ಬೇರೆ ದಾರಿ ಹಿಡಿಯಿತು. 1990ರ ದಶಕದ ಆರಂಭದಲ್ಲಿ ಬಹುಪಕ್ಷ ವ್ಯವಸ್ಥೆಯ ಚರ್ಚೆ ಎದ್ದಾಗ, ಏಕಪಕ್ಷ ಕಟ್ಟಿದ್ದ ನೈರೇರೆ ಅವರೇ ಬದಲಾವಣೆಯ ಪರ ನಿಂತರು. 1992ರಲ್ಲಿ ಕಾನೂನು ಬದಲಾಯಿತು.

ನಿವೃತ್ತಿಯ ನಂತರ ಅವರು ಬಡ ದೇಶಗಳ ಪರವಾಗಿ ರಚನೆಯಾದ ದಕ್ಷಿಣ ಆಯೋಗದ ಅಧ್ಯಕ್ಷರಾದರು. ಅದರ ಪ್ರಧಾನ ಕಾರ್ಯದರ್ಶಿಯಾಗಿದ್ದವರು ಮುಂದೆ ನಮ್ಮ ಪ್ರಧಾನಿಯಾದ ಮನಮೋಹನ್ ಸಿಂಗ್. ಭಾರತ ಸರ್ಕಾರ 1995ರಲ್ಲಿ ಗಾಂಧಿ ಶಾಂತಿ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟದ್ದು ನೈರೇರೆ ಅವರಿಗೆ. ನೆರೆಯ ಬುರುಂಡಿಯ ಅಂತರ್ಯುದ್ಧದಲ್ಲಿ ಸಂಧಾನ ನಡೆಸುತ್ತಿದ್ದಾಗಲೇ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡು, 1999ರ ಅಕ್ಟೋಬರ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು. ಮಣ್ಣಾದದ್ದು ಬುಟಿಯಾಮದಲ್ಲಿ.

ಇಂದಿನ ಟಾಂಜಾನಿಯಾ, ನಾಳೆಯ ಟಾಂಜಾನಿಯಾ

2022ರ ಜನಗಣತಿಯಲ್ಲಿ ಟಾಂಜಾನಿಯಾದ ಜನಸಂಖ್ಯೆ 6 ಕೋಟಿ 17 ಲಕ್ಷ. ಅರ್ಧಕ್ಕಿಂತ ಹೆಚ್ಚು ಜನ 20 ವರ್ಷದೊಳಗಿನವರು. 2020ರಲ್ಲಿ ವಿಶ್ವಬ್ಯಾಂಕ್ ಅದನ್ನು ಕಡಿಮೆ ಆದಾಯದ ದೇಶಗಳ ಪಟ್ಟಿಯಿಂದ ತೆಗೆದು ಕೆಳಮಧ್ಯಮ ಆದಾಯದ ಗುಂಪಿಗೆ ಸೇರಿಸಿತು. ಚಿನ್ನ ಮುಖ್ಯ ರಫ್ತು. ಸೆರೆಂಗೆಟಿ ಮತ್ತು ಕಿಲಿಮಂಜಾರೋ ನೋಡಲು ಬರುವ ಪ್ರವಾಸಿಗರಿಂದ ದೊಡ್ಡ ಆದಾಯವಿದೆ. ರುಫಿಜಿ ನದಿಗೆ ಕಟ್ಟಿದ ಹೊಸ ಅಣೆಕಟ್ಟಿನ ವಿದ್ಯುತ್ ಸಾಮರ್ಥ್ಯ 2,115 ಮೆಗಾವ್ಯಾಟ್. ಅದಕ್ಕೆ ಇಟ್ಟಿರುವುದು ಜೂಲಿಯಸ್ ನೈರೇರೆ ಅವರ ಹೆಸರನ್ನೇ, ಆದರೆ ಅದು ನಿಂತಿರುವುದು ಸೆಲೂಸ್ ವನ್ಯಧಾಮದ ಒಳಗೆ ಎಂಬ ಆಕ್ಷೇಪವೂ ಇದೆ.

ಹಳೆಯ ನಾರು ಮತ್ತು ಟ್ರ್ಯಾಕ್ಟರಿನ ಲೆಕ್ಕ ಮಾತ್ರ ಇನ್ನೂ ಬಿಡಿಸದೆ ಉಳಿದಿದೆ. ಗೋಡಂಬಿ ಬೆಳೆ ಚೇತರಿಸಿಕೊಂಡಿದೆ, ಆದರೆ ಅದರ ಬಹುಪಾಲು ಸಿಪ್ಪೆ ಸಮೇತ ಹಡಗು ಹತ್ತುತ್ತದೆ. ಸುಲಿಯುವ, ಹುರಿಯುವ, ಡಬ್ಬಿಗೆ ತುಂಬುವ ಕೆಲಸ, ಅದರ ಕೂಲಿ ಮತ್ತು ಲಾಭ ಬೇರೆ ದೇಶಗಳಿಗೆ ಸೇರುತ್ತದೆ. ಆಫ್ರಿಕಾದ ಹಸಿ ಗೋಡಂಬಿ ಬಂದಿಳಿಯುವ ಬಂದರುಗಳಲ್ಲಿ ನಮ್ಮ ಮಂಗಳೂರೂ ಒಂದು. ಅಲ್ಲಿನ ಕಾರ್ಖಾನೆಗಳಲ್ಲಿ ಗೋಡಂಬಿ ಸುಲಿಯುವ ಹೆಂಗಸರ ದಿನಗೂಲಿ ಆ ಹಡಗುಗಳನ್ನು ನೆಚ್ಚಿಕೊಂಡಿದೆ. ದುಡಿಯುವ ವಯಸ್ಸಿಗೆ ಬರುತ್ತಿರುವ ಲಕ್ಷಾಂತರ ಯುವಕರಿಗೆ ಕೆಲಸ ಬೇಕಾದರೆ ಟಾಂಜಾನಿಯಾ ಆ ಕೆಲಸವನ್ನು ತನ್ನ ನೆಲದಲ್ಲೇ ಮಾಡಿಕೊಳ್ಳಬೇಕು. ಅದಕ್ಕೆ ಈಗ ಹಿಂದೆಂದೂ ಇಲ್ಲದಷ್ಟು ವಿದ್ಯುತ್ ಇದೆ, ಓದಿದ ಮಕ್ಕಳೂ ಇದ್ದಾರೆ. ಹಾಗಾಗಿ ಆರ್ಥಿಕವಾಗಿ ನನಗೆ ಭರವಸೆಯೇ ಹೆಚ್ಚು.

ರಾಜಕೀಯದ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. ನೈರೇರೆ ಕಟ್ಟಿದ ಪಕ್ಷ 1977ರಲ್ಲಿ ಜಂಜಿಬಾರಿನ ಪಕ್ಷದೊಂದಿಗೆ ಸೇರಿ ಚಾಮಾ ಚಾ ಮಪಿಂಡುಜಿ ಎಂಬ ಹೊಸ ಹೆಸರು ಪಡೆಯಿತು. ಸ್ವಾತಂತ್ರ್ಯ ಬಂದಾಗಿನಿಂದ ಇವತ್ತಿನವರೆಗೆ ಅಧಿಕಾರ ಅದರ ಕೈ ತಪ್ಪಿಲ್ಲ. 2025ರ ಅಕ್ಟೋಬರಿನ ಚುನಾವಣೆಯಲ್ಲಿ ಮುಖ್ಯ ವಿರೋಧ ಪಕ್ಷಕ್ಕೆ ಸ್ಪರ್ಧಿಸಲು ಬಿಡಲಿಲ್ಲ, ಅದರ ನಾಯಕ ದೇಶದ್ರೋಹದ ಆರೋಪದ ಮೇಲೆ ಜೈಲಿನಲ್ಲಿದ್ದರು. ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಅವರಿಗೆ ಶೇಕಡ 97ಕ್ಕೂ ಹೆಚ್ಚು ಮತ ಬಂದಿದೆ ಎಂದು ಘೋಷಣೆಯಾಯಿತು. ಬೀದಿಗಿಳಿದ ಯುವಕರ ಮೇಲೆ ಗುಂಡು ಹಾರಿತು, ಸಾವುಗಳಾದವು, ಇಂಟರ್ನೆಟ್ ನಿಂತಿತು. ಶೇಕಡ 97 ಎಂಬ ಅಂಕಿ ನನಗೆ ಮತ್ತೆ ಆ ಒಕ್ಕೊರಲಿನ ಹೂಂಕಾರವನ್ನೇ ನೆನಪಿಸುತ್ತದೆ.

ಆದರೂ ಒಂದು ವಿಷಯ ಮರೆಯಬಾರದು. ಸುತ್ತಲಿನ ರುವಾಂಡಾ, ಬುರುಂಡಿ, ಕಾಂಗೋ, ಉಗಾಂಡಾಗಳು ಅಂತರ್ಯುದ್ಧದಲ್ಲಿ ಬೆಂದಾಗ 120 ಬುಡಕಟ್ಟುಗಳ ಟಾಂಜಾನಿಯಾ ಬುಡಕಟ್ಟಿನ ಯುದ್ಧಕ್ಕೆ ಬೀಳಲಿಲ್ಲ. ಬೇರೆ ಬೇರೆ ಮನೆಮಾತಿನ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು ಒಂದೇ ಭಾಷೆಯಲ್ಲಿ ಕಲಿತದ್ದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಇವತ್ತು ಬೀದಿಯಲ್ಲಿ ಪ್ರಶ್ನೆ ಕೇಳುತ್ತಿರುವವರೂ ಆ ಶಾಲೆಗಳಿಂದ, ಆ ಭಾಷೆಯಿಂದ ಬಂದವರೇ. ನೈರೇರೆ ಮೇಷ್ಟ್ರಾಗಿ ಮಾಡಿದ ಕೆಲಸ, ಅಂದರೆ ಭಾಷೆ, ಅಕ್ಷರ, ನಾವೆಲ್ಲ ಒಂದು ಎಂಬ ಭಾವನೆ, ಉಳಿದುಕೊಂಡಿದೆ. ಆದೇಶ ಹೊರಡಿಸಿ ಮಾಡಿಸಿದ ಕೆಲಸದಲ್ಲಿ ಉಳಿದದ್ದು ಕಡಿಮೆ. ಎದುರು ಮಾತನ್ನು ಮುಚ್ಚಿಹಾಕುವ ಅಭ್ಯಾಸ ಮಾತ್ರ ಉಳಿದು, ದೇಶವನ್ನು ಈಗಲೂ ಕಾಡುತ್ತಿದೆ.

ತರಗತಿಯಲ್ಲಿ ಬಳಸುವವರಿಗೆ

ಈ ಜೀವನ ಕಥೆಯನ್ನು ಪೂರಕ ಪಾಠವಾಗಿ ತೆಗೆದುಕೊಳ್ಳುವ ಸಹಪಾಠಿಗಳಿಗೆ ಎರಡು ಮಾತು. ಗಣಿತ ಬೋಧಿಸುವವರು ನಾರು ಮತ್ತು ಟ್ರ್ಯಾಕ್ಟರಿನ ಲೆಕ್ಕವನ್ನು ವಿಲೋಮ ಅನುಪಾತಕ್ಕೆ ಬಳಸಬಹುದು, ಒಂದು ಅವಧಿ ಸಾಕು. ಸಮಾಜ ವಿಜ್ಞಾನದವರು ಭೂಪಟ ಹಿಡಿದು ಹೋಗಿ, ಮೊದಲು ವಿಕ್ಟೋರಿಯಾ ಸರೋವರ, ಅದರಿಂದ ಬುಟಿಯಾಮ, ಟಬೋರಾ, ದಾರ್ ಎಸ್ ಸಲಾಮ್ ಎಂದು ಮಕ್ಕಳಿಂದಲೇ ಗುರುತು ಮಾಡಿಸಿ.

ಒಳ್ಳೆಯ ಉದ್ದೇಶಕ್ಕಾಗಿ ಬಲವಂತ ಮಾಡಬಹುದೇ ಎಂಬ ಚರ್ಚೆಗೆ ಒಂದು ಪೂರ್ತಿ ಅವಧಿ ಇಟ್ಟುಕೊಳ್ಳಿ. ನನ್ನ ತರಗತಿ ಎರಡು ಪಾಲಾಯಿತು. ಶಾಲೆ, ನೀರು ಸಿಗುವುದಾದರೆ ಹೋಗಲೇಬೇಕು ಎಂದವರು ಕೆಲವರು. ಅಜ್ಜನ ಹೊಲ ಬಿಟ್ಟು ಯಾಕೆ ಹೋಗಬೇಕು ಎಂದವರು ಕೆಲವರು. ಗಂಟೆ ಹೊಡೆದಾಗಲೂ ತೀರ್ಮಾನ ಆಗಿರಲಿಲ್ಲ. ಕಪ್ಪು ಹಲಗೆಯ ಮೇಲೆ ಎರಡೂ ಕಡೆಯ ಕಾರಣಗಳನ್ನು ಬರೆದು, ಅಳಿಸದೆ ಹಾಗೇ ಬಿಟ್ಟು ಬಂದೆ. ಮುಂದಿನ ಅವಧಿಯ ಶಿಕ್ಷಕರೂ ಅದನ್ನು ಓದಲಿ ಎಂದು.